ಬಳ್ಳಿಗೆ ಸಲಹೆ ಬರ್ತದ, ನಮಗ?

ಮಂಗಳವಾರ ಮತ್ತು ಶುಕ್ರವಾರ ನಮ್ಮ ಕಾಕುವಿನ ಫೋನಿಗೆ ಒಂದು ಸಂದೇಶ ಬರುತ್ತದೆ. ಮುಂದಿನ ದಿನಗಳಲ್ಲಿ ಮಳೆ ಎಷ್ಟು, ಬಿಸಿಲು ಎಷ್ಟು, ಗಾಳಿಯಲ್ಲಿ ತೇವ ಎಷ್ಟು, ಯಾವ ಬೆಳೆಗೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಬರೆದಿರುತ್ತದೆ. ಹವಾಮಾನ ಇಲಾಖೆಯವರು ಮತ್ತು ಕೃಷಿ ವಿಶ್ವವಿದ್ಯಾಲಯದವರು ಸೇರಿ ಜಿಲ್ಲೆವಾರು ಕೊಡುವ ಸಲಹೆ ಅದು. ಪುಣೆ ಹತ್ತಿರದ ಮಾಂಜ್ರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ವಿಜ್ಞಾನಿಗಳು ಬರೆದ ಸಲಹೆಯನ್ನೂ ಬೆಳೆಗಾರರ ಗುಂಪಿನಲ್ಲಿ ಯಾರಾದರೂ ಹಾಕುತ್ತಾರೆ.

ಕಾಕು ನಾಲ್ಕನೇ ತರಗತಿಯವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಓದಿ ಮುಗಿಸಿ, "ಮೋಡ ಆಗ್ತದಂತ, ಡೌನಿ ಬೀಳಬಹುದು ಅಂದಾರ. ನಾಳೆ ಔಷಧ ಹೊಡಿಸೂಣು" ಅನ್ನುತ್ತಾಳೆ. ಹೇಳಿದ್ದು ಒಮ್ಮೊಮ್ಮೆ ತಪ್ಪುತ್ತದೆ. ಮಳೆ ಬರುತ್ತದೆ ಅಂದರೂ ಬರುವುದಿಲ್ಲ. ಆದರೂ ಮುಂದಿನ ವಾರ ಅವಳು ಮತ್ತೆ ಓದುತ್ತಾಳೆ. "ಅವರು ದೇವರಲ್ಲಲ್ಲ. ಗೊತ್ತಾದಷ್ಟು ಹೇಳ್ತಾರ, ತಪ್ಪಿದರ ಮುಂದಿನ ಸಲ ತಿದ್ತಾರ" ಅನ್ನುತ್ತಾಳೆ.

ಹೋದ ಸೀಸನ್ನಿನಲ್ಲಿ ಒಂದು ದಿನ ಹೀಗೇ ಓದುತ್ತಾ ಕೂತವಳು ಫೋನ್ ಕೆಳಗಿಟ್ಟು ನನ್ನನ್ನು ಕೇಳಿದಳು: "ಬಳ್ಳಿಗೆ ಇಷ್ಟು ಮಂದಿ ಶಾಣ್ಯಾರು ಅದಾರ. ನಿಮ್ಮ ಕಾಕಾಗ ಯಾಕ ಯಾರೂ ಇರಲಿಲ್ಲವಾ?"

ನನ್ನ ಬಳಿ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕುವ ಪ್ರಯತ್ನ.

2021ರ ಏಪ್ರಿಲ್. ನಾನು ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ತರಗತಿ ಬಂದ್ ಆಗಿ ಊರಿಗೆ ಬಂದಿದ್ದೆ. ನಮ್ಮದು ತಿಕೋಟಾ ತಾಲ್ಲೂಕಿನ ಒಂದು ಹಳ್ಳಿ. ಅದು ದ್ರಾಕ್ಷಿ ಒಣಗಿಸುವ ಕಾಲ. ಶೆಡ್ಡಿನ ಬಲೆಗಳ ಮೇಲೆ ಹಸಿ ದ್ರಾಕ್ಷಿ ಹರಡಿದರೆ ಹದಿನೈದು ಇಪ್ಪತ್ತು ದಿನ ಕಣ್ಣಿಟ್ಟು ಕಾಯಬೇಕು. ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಕೊಡಲು ಶುರು ಮಾಡಿದ್ದರು. ಕಾಕಾಗೆ 52. ಆಶಾ ಅಕ್ಕ ಎರಡು ಸಲ ಮನೆಗೆ ಬಂದು ಹೇಳಿ ಹೋಗಿದ್ದಳು. "ಸೂಜಿ ಮಾಡಿಸಿಕೊಂಡರ ಎರಡು ದಿನ ಜ್ವರ ಬರ್ತಾವಂತ. ಮಾಲು ಶೆಡ್ಡಿನ್ಯಾಗ ಐತಿ. ಇಳಿಸಿದ ಮ್ಯಾಲ ಮಾಡಿಸಿಕೊಳ್ತೀನಿ" ಅಂದ ಕಾಕಾ. ಅವನಿಗೆ ಲಸಿಕೆಯ ಮೇಲೆ ಸಿಟ್ಟಿರಲಿಲ್ಲ. ಎರಡು ದಿನದ ಜ್ವರದ ಲೆಕ್ಕ ಮಾತ್ರ ಇತ್ತು.

ತಿಂಗಳ ಕೊನೆಗೆ ಕಾಕಾನ ಮೈ ಬಿಸಿಯಾಯಿತು. ಕೆಮ್ಮು ಶುರುವಾಯಿತು. ಆ ವಾರವೇ ಉತ್ತರ ಕರ್ನಾಟಕದ ಎಲ್ಲಾ ಫೋನುಗಳಲ್ಲಿ ಒಂದು ಮಾತು ಓಡಾಡುತ್ತಿತ್ತು: ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟುಕೊಂಡರೆ ಕೊರೊನಾ ಹೋಗುತ್ತದೆ. ನಮ್ಮದು ನಿಂಬೆಯ ಜಿಲ್ಲೆ. ಯಾರೂ ಪೇಟೆಗೆ ಹೋಗಿ ಕೊಳ್ಳಬೇಕಾಗಿರಲಿಲ್ಲ, ಹೊಲದ ಬದುವಿನಲ್ಲೇ ಗಿಡ ಇತ್ತು.

ಆ ವಿಡಿಯೊವನ್ನು ನಮ್ಮ ಮನೆಯವರ ಗುಂಪಿಗೆ ಹಾಕಿದ್ದು ನಾನು.

ಹಾಕುವ ಮುಂಚೆ ಕಾಕಾ ಕೇಳಿದ್ದ: "ತಂಗೀ, ನೀ ಪೇಪರಿನ ಸಾಲಿ ಓದ್ಲಾಕತ್ತೀದಿ. ಇದು ಖರೇ ಏನು?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆಯಾಯಿತು. "ಎಲ್ಲಾರೂ ಮಾಡ್ಲಾಕತ್ತಾರ ಕಾಕಾ, ಮಾಡಿ ನೋಡು, ಏನಾಗ್ತದ" ಅಂದೆ. ಕಾಕಾ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನಾಲ್ಕು ದಿನ ಮಾಡಿದ. ಕಣ್ಣಲ್ಲಿ ನೀರು ಸುರಿಸಿಕೊಂಡು, "ಮೂಗು ಹಗುರಾತು ನೋಡವಾ" ಅಂತಿದ್ದ. ಮೂಗು ಹಗುರಾಗಿತ್ತು. ಪುಪ್ಪುಸ ತುಂಬುತ್ತಿತ್ತು.

ಐದನೇ ದಿನ ಆಶಾ ಅಕ್ಕ ಬೆರಳಿಗೆ ಹಾಕುವ ಯಂತ್ರ ತಂದಳು. ಅದರಲ್ಲಿ 84 ಅಂತ ಬಂತು. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಅವಳ ಮುಖ ನೋಡಿ ಗೊತ್ತಾಯಿತು. ಅವತ್ತು ರಾತ್ರಿ ವಿಜಯಪುರಕ್ಕೆ ಒಯ್ದೆವು, ಹಾಸಿಗೆಗಾಗಿ ಅಲೆದೆವು. ಒಂಬತ್ತನೇ ದಿನ ಕಾಕಾ ತೀರಿಕೊಂಡ. ಶೆಡ್ಡಿನ ಮಾಲನ್ನು ಕಾಕು ಒಬ್ಬಳೇ ನಿಂತು ಇಳಿಸಿದಳು.

ನಿಂಬೆರಸ ಕಾಕಾನನ್ನು ಕೊಲ್ಲಲಿಲ್ಲ, ಕೊಂದದ್ದು ರೋಗ. ಆದರೆ ನಿಂಬೆರಸ ನಾಲ್ಕು ದಿನ ತಿಂದು ಹಾಕಿತು. ಆ ನಾಲ್ಕು ದಿನ ಸಿಕ್ಕಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಹೇಳಲಾರೆ. ಆ ನಾಲ್ಕು ದಿನವನ್ನು ಅವನಿಂದ ಕಸಿದವಳು ನಾನು ಅಂತ ಮಾತ್ರ ಹೇಳಬಲ್ಲೆ.

ಓದು ಮುಗಿದ ಮೇಲೆ, ಆಗ ನಡೆದದ್ದೇನು ಎಂದು ಹಳೆಯ ಸುದ್ದಿಗಳನ್ನು ತೆಗೆದು ಓದಿದೆ. ಸಲಹೆ ಕೊಡುವವರು ಇರಲೇ ಇಲ್ಲ ಅಂತ ನಾನು ತಿಳಿದಿದ್ದೆ. ಅದು ತಪ್ಪು, ಇದ್ದರು.

2020ರಲ್ಲಿ ರಾಜ್ಯ ಸರ್ಕಾರ ಕೋವಿಡ್‌ಗಾಗಿ ಒಂದು ತಾಂತ್ರಿಕ ಸಲಹಾ ಸಮಿತಿ ಮಾಡಿತ್ತು. ಡಾ. ಎಂ.ಕೆ. ಸುದರ್ಶನ್ ಅದರ ಅಧ್ಯಕ್ಷರು. ರೋಗ ಹೇಗೆ ಹರಡುತ್ತದೆ ಎಂದು ಜೀವನವಿಡೀ ಅಭ್ಯಾಸ ಮಾಡಿದ ವೈದ್ಯರು, ವೈರಾಣು ತಜ್ಞರು ಅದರಲ್ಲಿದ್ದರು. ಆ ಸಮಿತಿ 2020ರ ನವೆಂಬರ್ ಕೊನೆಯಲ್ಲೇ, ಹೊಸ ವರ್ಷದ ಜನವರಿ, ಫೆಬ್ರುವರಿ ಹೊತ್ತಿಗೆ ಎರಡನೇ ಅಲೆ ಬರಬಹುದು ಎಂದು ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಪರೀಕ್ಷೆ ಕಡಿಮೆ ಮಾಡಬೇಡಿ, ಹಾಸಿಗೆ ಸಿದ್ಧ ಇಡಿ, ವರ್ಷದ ಕೊನೆಯಲ್ಲಿ ಜನ ಗುಂಪು ಸೇರದಂತೆ ರಾತ್ರಿ ಕರ್ಫ್ಯೂ ಹಾಕಿ ಎಂದೂ ಹೇಳಿತ್ತು. ಸರ್ಕಾರ ಡಿಸೆಂಬರ್ 23ರಂದು ಕರ್ಫ್ಯೂ ಘೋಷಿಸಿತು, ಮರುದಿನವೇ ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಕಡೆ ಆಗ ಏನು ನಡೆದಿತ್ತು? ಗ್ರಾಮ ಪಂಚಾಯಿತಿ ಚುನಾವಣೆ. ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಮತದಾನ ಆಯಿತು. ಬೆಂಗಳೂರಿನ ಮೇಜಿನ ಮೇಲೆ ಎಚ್ಚರಿಕೆ ಕೂತಿತ್ತು. ನಾವು ಹಲಗೆ ಬಾರಿಸಿಕೊಂಡು ಗುಲಾಲು ಹಾರಿಸುತ್ತಿದ್ದೆವು. ಕಾಕಾನೂ ಇದ್ದ ಆ ಮೆರವಣಿಗೆಯಲ್ಲಿ, ನಾನೂ ಇದ್ದೆ.

ಅಲೆ ಸಮಿತಿ ಹೇಳಿದ ತಿಂಗಳಿಗೆ ಬರಲಿಲ್ಲ. ಸ್ವಲ್ಪ ತಡವಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಬಂತು. ಅದಕ್ಕೇ ಕೆಲವರು ನಕ್ಕರು. ಆದರೆ ವಿಜ್ಞಾನ ಪಂಚಾಂಗ ಅಲ್ಲ. ಕಾಕುವಿನ ಫೋನಿಗೆ ಬರುವ ಮಳೆಯ ಸಂದೇಶದ ಹಾಗೆ ಅದು. ಮೋಡ ಕಟ್ಟಿದೆ, ಮಾಲಿನ ಮೇಲೆ ತಾಡಪತ್ರಿ ಹಾಕಿ ಅನ್ನುತ್ತದೆ. ಮಳೆ ಎರಡು ದಿನ ತಡವಾದರೆ ತಾಡಪತ್ರಿ ಹಾಕಿದವ ಹಾಳಾಗುವುದಿಲ್ಲ.

ನನಗೆ ಹೊಳೆದದ್ದು ಇಷ್ಟು. ಸಮಿತಿಯ ಸಲಹೆ ಸರ್ಕಾರಕ್ಕೆ ಹೋಗುತ್ತಿತ್ತು. ಸರ್ಕಾರ ಅದನ್ನು ಒಪ್ಪಿದರೆ ನಮಗೆ ಆದೇಶವಾಗಿ ಬರುತ್ತಿತ್ತು. ಒಪ್ಪದಿದ್ದರೆ ಟಿವಿಯಲ್ಲಿ ಒಂದು ಸಾಲಿನ ಸುದ್ದಿಯಾಗಿ ಹೋಗಿಬಿಡುತ್ತಿತ್ತು. ಆ ಸಲಹೆ, "ಕಾಕಾ, ಐದನೇ ದಿನ ಉಸಿರು ನೋಡಿಕೋ, 94ಕ್ಕಿಂತ ಕೆಳಗೆ ಬಂದರೆ ಹೊರಡು, ನಿಂಬೆರಸದಿಂದ ಏನೂ ಆಗುವುದಿಲ್ಲ" ಎಂದು ನಮ್ಮ ಮನೆಯ ಫೋನಿಗೆ ವಾರಕ್ಕೆ ಎರಡು ಸಲ ಬರುವ ದಾರಿಯೇ ಇರಲಿಲ್ಲ. ಆ ಖಾಲಿ ಜಾಗದಲ್ಲಿ ನಿಂಬೆರಸ ಬಂದು ಕೂತಿತು.

ಇನ್ನೊಂದು ಮಾತು. ಸಮಿತಿ ಬೇರೆ, ಸಂಸ್ಥೆ ಬೇರೆ. ರೋಗ ಬಂದಾಗ ನಾವು ಸಮಿತಿ ಮಾಡುತ್ತೇವೆ. 2020ರಲ್ಲಿ ಒಂದು. 2021ರಲ್ಲಿ ಮೂರನೇ ಅಲೆಗೆ ಸಿದ್ಧರಾಗಲು ಡಾ. ದೇವಿ ಶೆಟ್ಟಿ ಅಧ್ಯಕ್ಷತೆಯಲ್ಲಿ ಇನ್ನೊಂದು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯಿಂದ ಮತ್ತೊಂದು ವರದಿ. ಇವರೆಲ್ಲ ದೊಡ್ಡ ವೈದ್ಯರು, ಅದರಲ್ಲಿ ಸಂಶಯವಿಲ್ಲ. ಆದರೆ ಹಾಸನದ ವರದಿ ಬರುವ ಮುಂಚೆಯೇ, ಲಸಿಕೆಯಿಂದಲೇ ಹೃದಯ ನಿಲ್ಲುತ್ತಿದೆ ಎಂಬ ಮಾತು ನಮ್ಮ ಊರಿನ ಚಹಾ ಅಂಗಡಿಗೆ ಬಂದು ಕೂತಾಗಿತ್ತು. ಲಸಿಕೆಗೂ ಸಾವಿಗೂ ನಂಟು ಕಾಣಲಿಲ್ಲ ಎಂದು ವರದಿ ಹೇಳಿತು. ಅದು ಚಹಾ ಅಂಗಡಿಗೆ ಬರಲೇ ಇಲ್ಲ. ಬಾವಿಗೆ ಬಿದ್ದ ಮೇಲೆ ಹಗ್ಗ ಹೊಸೆಯಲು ಕೂರುವುದು ಅಂದರೆ ಇದು.

ನಮ್ಮ ಆಯಿ ಒಂದು ಮಾತು ಹೇಳುತ್ತಿದ್ದಳು. ಅವಳ ಅತ್ತೆ ಅವಳಿಗೆ ಹೇಳಿದ್ದು: "ಇಲಿ ಬಿದ್ದರ ಊರು ಬಿಡಬೇಕು." ಪ್ಲೇಗಿನ ಕಾಲದ ಮಾತು ಅದು. ಜಂತಿಯಿಂದ ಇಲಿ ಸತ್ತು ಬಿದ್ದರೆ ಜನ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಇದನ್ನು ಯಾವ ವೈದ್ಯನೂ ಅವರಿಗೆ ಕಲಿಸಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಮನುಷ್ಯರಿಗೆ ಬರುತ್ತದೆ ಎಂದು ಫ್ರಾನ್ಸಿನ ಪೌಲ್ ಲೂಯಿ ಸಿಮಾಂಡ್ ಎಂಬ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಇಲಿಗೂ ರೋಗಕ್ಕೂ ನಂಟಿದೆ ಎನ್ನುವುದನ್ನು ಹಳ್ಳಿಯವರ ಕಣ್ಣೂ ಕಂಡಿತ್ತು. ಯಾಕೆ ಎನ್ನುವುದನ್ನು ವಿಜ್ಞಾನಿ ಹೇಳಿದ.

ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ಅಲ್ಲಿ ಲಸಿಕೆ ಕಂಡುಹಿಡಿಯಲು ಕೂತ. ಮೂರು ತಿಂಗಳಲ್ಲಿ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅವನ ಪ್ರಯೋಗಾಲಯ 1899ರಲ್ಲಿ ಪರೇಲಿಗೆ ಹೋಯಿತು, ಇವತ್ತಿಗೂ ಅವನ ಹೆಸರಿನಲ್ಲಿ ಅಲ್ಲಿದೆ. ಅದೇ 1897ರಲ್ಲಿ ಪುಣೆಯಲ್ಲಿ ಬೇರೆ ದಾರಿ ಹಿಡಿದರು. ರ‍್ಯಾಂಡ್ ಎಂಬ ಅಧಿಕಾರಿ ಸೈನಿಕರನ್ನು ಮನೆಗಳಿಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದ. ದೇವರ ಕೋಣೆಗೂ ಬೂಟು ಬಂತು. ಜನ ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ನಿಗೆ ಗುಂಡು ಹಾರಿಸಿದರು. ಸಲಹೆ ಕೊಡುವವನ ಮೇಲೆ ನಂಬಿಕೆ ಇಲ್ಲದಿದ್ದರೆ ಸರಿಯಾದ ಸಲಹೆಯೂ ದಂಡನೆಯ ಹಾಗೆ ಕಾಣುತ್ತದೆ.

ನಂಬಿಕೆ ಮುರಿಯಲು ಒಂದು ಬಾಟಲಿ ಸಾಕು. 1902ರಲ್ಲಿ ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್‌ನ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಹಾಕಿದ್ದು ಒಂದೇ ಬಾಟಲಿಯಿಂದ. ಪ್ರಯೋಗಾಲಯದ್ದೇ ತಪ್ಪು ಎಂದು ಹಾಫ್‌ಕಿನ್‌ನನ್ನು ಕೆಲಸದಿಂದ ದೂರ ಇಟ್ಟರು. ಬಾಟಲಿ ಕೆಟ್ಟದ್ದು ಹಳ್ಳಿಯಲ್ಲಿ ತೆರೆಯುವಾಗ ಎಂದು ತೋರಿಸಿ ಅವನ ಹೆಸರು ತೊಳೆಯಲು 1907 ಬರಬೇಕಾಯಿತು. ಎಲ್ಲಿ ತಪ್ಪಾಯಿತು ಎಂದು ಅವತ್ತೇ ಎಲ್ಲರ ಮುಂದೆ ಬಿಡಿಸಿ ಹೇಳಿದ್ದರೆ ಐದು ವರ್ಷದ ಅನುಮಾನ ಉಳಿಯುತ್ತಿರಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. 2003ರಲ್ಲಿ ಕೆನಡಾ ದೇಶಕ್ಕೆ ಸಾರ್ಸ್ ರೋಗ ಬಂತು. 44 ಜನ ಸತ್ತರು. ಅಷ್ಟು ಶ್ರೀಮಂತ ದೇಶದಲ್ಲೂ ಯಾರು ಯಾರಿಗೆ ಲೆಕ್ಕ ಕೊಡಬೇಕು, ಜನರ ಮುಂದೆ ಯಾರು ಮಾತಾಡಬೇಕು ಎನ್ನುವ ಗೊಂದಲ ಆಗಿತ್ತು. ಡೇವಿಡ್ ನೇಯ್ಲರ್ ಎಂಬ ವೈದ್ಯರ ಸಮಿತಿ ತನಿಖೆ ಮಾಡಿ, ಇದಕ್ಕೆ ಒಂದು ಕಾಯಂ ಸಂಸ್ಥೆ ಬೇಕು ಎಂದಿತು. ಮರುವರ್ಷ, 2004ರಲ್ಲಿ, ಕೆನಡಾ ಸಾರ್ವಜನಿಕ ಆರೋಗ್ಯ ಸಂಸ್ಥೆ ಹುಟ್ಟಿತು. 2006ರಲ್ಲಿ ಅದಕ್ಕೊಂದು ಕಾನೂನು ಬಂತು. ಆ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಅಂಶ. ದೇಶದ ಮುಖ್ಯ ಆರೋಗ್ಯ ಅಧಿಕಾರಿ ಮಂತ್ರಿಗೆ ಸಲಹೆ ಕೊಡಬೇಕು, ಜೊತೆಗೆ ಜನರ ಮುಂದೆ ನೇರವಾಗಿ ಮಾತಾಡುವ ಅಧಿಕಾರವೂ ಅವರಿಗೆ ಇದೆ.

ಸಂಸ್ಥೆ ಆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ, ಅದನ್ನೂ ಹೇಳಬೇಕು. ಬೇರೆ ದೇಶಗಳಲ್ಲಿ ರೋಗ ಎದ್ದದ್ದನ್ನು ಮೊದಲೇ ಪತ್ತೆ ಹಚ್ಚುವ ಒಂದು ಒಳ್ಳೆಯ ವ್ಯವಸ್ಥೆ ಕೆನಡಾದಲ್ಲಿತ್ತು. ಕೋವಿಡ್ ಬರುವ ಹೊತ್ತಿಗೆ ಅದರ ಕೈಕಾಲು ಕಟ್ಟಿಹಾಕಿದ್ದರು. ಈ ಕೊರತೆಯನ್ನು 2021ರಲ್ಲಿ ಅಲ್ಲಿನ ಲೆಕ್ಕ ಪರಿಶೋಧಕರೇ ಬಯಲು ಮಾಡಿದರು. ಬಾವಿ ತೋಡಿದರೆ ಸಾಲದು, ಹೂಳು ತೆಗೆಯುತ್ತಲೇ ಇರಬೇಕು.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವೇ? ಇದೆ. ದಿಲ್ಲಿಯಲ್ಲಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಇದೆ. 2004ರಿಂದ ರೋಗಗಳ ಮೇಲೆ ಕಣ್ಣಿಡುವ ಒಂದು ಯೋಜನೆ ದೇಶದಲ್ಲಿ ನಡೆದಿದೆ. ಉಪಕೇಂದ್ರದ ಸಿಸ್ಟರು ಯಾವ ಊರಲ್ಲಿ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ವಾಂತಿಭೇದಿ ಎಂದು ತುಂಬುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತುಂಬುತ್ತಾರೆ, ಪ್ರಯೋಗಾಲಯದವರು ತುಂಬುತ್ತಾರೆ. ಮೊದಲು ಕಾಗದದ ಮೇಲೆ ತುಂಬುತ್ತಿದ್ದರು, ಈಗ ಫೋನಿನಲ್ಲಿ. ಜಿಲ್ಲೆಗೊಂದು ದೊಡ್ಡ ಪ್ರಯೋಗಾಲಯ ಕಟ್ಟುವ ಯೋಜನೆಯೂ 2021ರಲ್ಲಿ ಶುರುವಾಗಿದೆ.

ನಮ್ಮ ಭಾಗದ ಒಬ್ಬ ಸಿಸ್ಟರನ್ನು ಕೇಳಿದೆ: "ನೀವು ಕಳಿಸಿದ್ದಕ್ಕ ಮ್ಯಾಲಿಂದ ಏನರ ಉತ್ತರ ಬರ್ತದೇನ್ರೀ?" ಅವರು ನಕ್ಕರು. "ತುಂಬಲಿಲ್ಲ ಅಂದರ ಫೋನ್ ಬರ್ತದ ನೋಡವಾ. ತುಂಬಿದರ ಏನೂ ಬರಂಗಿಲ್ಲ."

ನನ್ನ ಪ್ರಕಾರ ಇಡೀ ರೋಗ ಇರುವುದು ಇಲ್ಲೇ. ನೀರು ಮೇಲಕ್ಕೆ ಎತ್ತುವ ಪೈಪು ಹಾಕಿದ್ದೇವೆ, ಕೆಳಗೆ ಹೊಲಕ್ಕೆ ಬಿಡುವ ಕಾಲುವೆ ತೋಡಿಲ್ಲ. ತುಬಚಿ ಬಬಲೇಶ್ವರ ಏತ ನೀರಾವರಿಯಲ್ಲಿ ನೀರು ಎತ್ತಿದ ಮೇಲೆ ಕಾಲುವೆ ಬೇಕೇ ಬೇಕು ಎಂದು ನಮಗೆಲ್ಲ ಗೊತ್ತು. ಆರೋಗ್ಯದ ವಿಷಯದಲ್ಲಿ ಮಾತ್ರ ಎತ್ತಿ ಸುಮ್ಮನಾಗಿದ್ದೇವೆ.

ಕರ್ನಾಟಕಕ್ಕೆ ಒಂದು ಕಾಯಂ ಸಾರ್ವಜನಿಕ ಆರೋಗ್ಯ ಸಲಹಾ ಸಂಸ್ಥೆ ಬೇಕು. ಆಸ್ಪತ್ರೆ ನಡೆಸುವುದು, ಆದೇಶ ಹೊರಡಿಸುವುದು ಅದರ ಕೆಲಸ ಆಗಬಾರದು. ನೋಡುವುದು, ಲೆಕ್ಕ ಹಾಕುವುದು, ಹೇಳುವುದು, ಇಷ್ಟೇ ಅದರ ಕೆಲಸ. ತಿಕೋಟಾದ ಕಡೆಯಿಂದ ನೋಡಿದರೆ ಅದರಲ್ಲಿ ಮೂರು ಗುಣ ಇರಬೇಕು.

ಮೊದಲನೆಯದು, ಅದು ಸರ್ಕಾರಕ್ಕೆ ಕೊಟ್ಟ ಸಲಹೆಯನ್ನು ಅದೇ ದಿನ ನಮಗೂ ತೋರಿಸಬೇಕು. ಕನ್ನಡದಲ್ಲಿ, ತಾರೀಖು ಹಾಕಿ. ಒಪ್ಪುವುದು ಬಿಡುವುದು ಸರ್ಕಾರಕ್ಕೆ ಸೇರಿದ್ದು, ಚುನಾಯಿತರಿಗೆ ಆ ಹಕ್ಕಿದೆ. ಆದರೆ ಸಲಹೆ ಏನಿತ್ತು, ಅದನ್ನು ಯಾಕೆ ಬಿಟ್ಟರು ಎಂದು ಕೇಳುವ ಹಕ್ಕು ನಮಗಿದೆ.

ಎರಡನೆಯದು, "ಇದು ನಮಗೆ ಗೊತ್ತಿಲ್ಲ" ಅನ್ನುವ ಧೈರ್ಯ ಅದಕ್ಕೆ ಇರಬೇಕು. "ಹೋದ ವಾರ ಹೀಗೆ ಹೇಳಿದ್ದೆವು, ಅದು ತಪ್ಪಾಯಿತು, ಈಗ ಹೀಗೆ ಮಾಡಿ" ಅನ್ನಬೇಕು. ಆ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಈ ಬರಹ ಬರೆಯಬೇಕಾಗುತ್ತಿರಲಿಲ್ಲವೇನೋ.

ಮೂರನೆಯದು, ಅದು ನಮ್ಮ ಪ್ರಶ್ನೆ ಕೇಳಿಸಿಕೊಳ್ಳಬೇಕು. ದ್ರಾಕ್ಷಿಗೆ ಸೀಸನ್ನಿಡೀ ಔಷಧ ಹೊಡೆಯುವ ಆಳುಮಕ್ಕಳ ಮೈಯಲ್ಲಿ ಏನಾಗುತ್ತದೆ? ಬೋರಿನ ನೀರಿನ ಫ್ಲೋರೈಡಿನಿಂದ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರ ಹಲ್ಲು, ಮೂಳೆ ಹಾಳಾಗಿವೆ? ಕೆಲಸಕ್ಕೆ ಗಡಿ ದಾಟಿ ಮಹಾರಾಷ್ಟ್ರಕ್ಕೆ, ಗೋವಾಕ್ಕೆ ಹೋಗಿ ಬರುವ ತಾಂಡಾದವರ ಜ್ವರವನ್ನು ಯಾವ ರಾಜ್ಯದ ಲೆಕ್ಕಕ್ಕೆ ಬರೆಯುತ್ತಾರೆ? ಎಣಿಸದೇ ಇದ್ದದ್ದು ಸರ್ಕಾರದ ಕಣ್ಣಿಗೆ ಕಾಣುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದಿತು. ಹೊಲದಲ್ಲಿ ದುಡಿಯುವವರಿಗೆ ಹಾವು ಹೊಸದಲ್ಲ, ಲೆಕ್ಕ ಹೊಸದು. ಲೆಕ್ಕ ಸಿಕ್ಕರೆ ಯಾವ ದವಾಖಾನೆಯಲ್ಲಿ ಎಷ್ಟು ಔಷಧ ಇಡಬೇಕು ಎಂದು ಗೊತ್ತಾಗುತ್ತದೆ.

ಇದೆಲ್ಲ ಬೆಂಗಳೂರಿನ ಮಾತು, ನಮ್ಮಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಪ್ರತಿ ಊರಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದು ಒಂದು ಇರಬೇಕು. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿಯವರು ಅದರಲ್ಲಿರುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಹೋದ ತಿಂಗಳು ನಮ್ಮೂರಾಗ ಎಷ್ಟು ಮಂದಿಗೆ ಜ್ವರ ಬಂದಿತ್ತು? ಮ್ಯಾಲ ಕಳಿಸೀರಿ ಅಲ್ಲ, ನಮಗೂ ಓದಿ ಹೇಳ್ರಿ." ಆ ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಕಾಲುವೆ ತೋಡುವ ಕೆಲಸವನ್ನು ಹೊಲದ ಕಡೆಯಿಂದಲೂ ಶುರು ಮಾಡಬಹುದು.

ನಾನು ಮೊನ್ನೆ ನಮ್ಮೂರಿನ ಸಭೆಯಲ್ಲಿ ಕೇಳಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಆಶಾ ಅಕ್ಕ ತನ್ನ ಡೈರಿ ತೆಗೆದು ಓದಿದಳು. ನಮ್ಮ ಓಣಿಯಲ್ಲೇ ಹನ್ನೊಂದು ಮಂದಿಗೆ ಜ್ವರ ಬಂದಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಮನೆಯವರೂ ನಮ್ಮ ಮನೆಗಷ್ಟೇ ಬಂದದ್ದು ಎಂದು ತಿಳಿದಿದ್ದರು. ಮರುದಿನ ನಾಲ್ಕು ಹುಡುಗರು ನೀರಿನ ಟಾಕಿ, ಹಳೆಯ ಟೈರು, ಒಡೆದ ಗಡಿಗೆ ನೋಡಿಕೊಂಡು ಓಣಿ ತಿರುಗಿದರು.

ಆ ನಿಂಬೆರಸದ ವಿಡಿಯೊ ಈಗಲೂ ನಮ್ಮ ಮನೆಯವರ ಗುಂಪಿನಲ್ಲಿದೆ. ಅದರ ಕೆಳಗೆ ಕಾಕಾ ಹಾಕಿದ ಕೈಮುಗಿದ ಗುರುತೂ ಇದೆ. ಅಳಿಸೋಣ ಅಂತ ಎಷ್ಟೋ ಸಲ ಬೆರಳು ಹೋಗುತ್ತದೆ, ಅಳಿಸಿಲ್ಲ. ಈಗ ಯಾರಾದರೂ "ತಂಗೀ, ಇದು ಖರೇ ಏನು?" ಎಂದು ಕೇಳಿದರೆ ಅದನ್ನೊಮ್ಮೆ ತೆಗೆದು ನೋಡುತ್ತೇನೆ. ಆಮೇಲೆ ಹೇಳುತ್ತೇನೆ: "ನನಗ ಗೊತ್ತಿಲ್ಲ. ಗೊತ್ತಿದ್ದವರನ್ನ ಕೇಳಿ ಹೇಳ್ತೀನಿ, ಅಲ್ಲೀತನ ಏನೂ ಮಾಡಬ್ಯಾಡ್ರಿ."

ಹಾಗೆ ಕೇಳಲು ಗೊತ್ತಿದ್ದವರ ಒಂದು ಮನೆ ಈ ರಾಜ್ಯದಲ್ಲಿ ಇರಬೇಕು, ಅದರ ಬಾಗಿಲು ತಿಕೋಟಾದ ಕಡೆಗೂ ತೆರೆದಿರಬೇಕು. ಕಾಕುವಿನ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟೇ.